ಆನೆ ಬಂದಿದೆ ಅಂದರೆ ಸಾಲದು, ಯಾವ ಆನೆ ಅಂತ ಕೇಳಿ: ತೋಟದವರಿಗೆ ಒಂದು ಮಾರ್ಗದರ್ಶಿ

ಸಕಲೇಶಪುರ, ಆಲೂರು ಸುತ್ತಿನ ನಮ್ಮಂಥವರು ಬೆಳಿಗ್ಗೆ ಎದ್ದರೆ, ರಾತ್ರಿ ಆನೆ ಎಲ್ಲಿತ್ತು ಅಂತ ವಾಟ್ಸ್‌ಆ್ಯಪ್‌ನಲ್ಲಿ ನೋಡಿಯೇ ಬಾಗಿಲು ತೆಗೆಯುವುದು. ಕೊಡಗಿನ ಸಿದ್ದಾಪುರ, ತಿತಿಮತಿ ಕಡೆಯ ಬೆಳೆಗಾರರ ಪಾಡೂ ಇದೇ. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ಅವೆಲ್ಲ ನಾಗರಹೊಳೆ, ಬಂಡೀಪುರದ ಒಳಗೇ ಇರುವುದಿಲ್ಲ. ನಮ್ಮ ಕಡೆ ಕಾಫಿ ತೋಟದ ನೆರಳಲ್ಲೇ ಹುಟ್ಟಿ ಅಲ್ಲೇ ಬೆಳೆದ ಆನೆಗಳಿವೆ. ಅವುಗಳ ಪಾಲಿಗೆ ತೋಟವೇ ಊರು.

ಆನೆ ತುಳಿದು ಸತ್ತವರ ಸುದ್ದಿ ಬಂದಾಗಲೆಲ್ಲ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಅಲ್ಲಿ ಆನೆ ಇದೆ ಅಂತ ಅವರಿಗೆ ಗೊತ್ತಿತ್ತೇ? ಬಹಳ ಸಲ ಗೊತ್ತಿರಲಿಲ್ಲ. ತಿರುವಿನಲ್ಲೋ, ಮಂಜಿನಲ್ಲೋ, ಕಾಫಿ ಗಿಡದ ಮರೆಯಲ್ಲೋ ಹತ್ತಾರು ಅಡಿ ದೂರದಲ್ಲಿ ಮುಖಾಮುಖಿಯಾಗಿರುತ್ತಾರೆ. ಇದ್ದದ್ದು ಗೊತ್ತಿದ್ದರೂ ಯಾವ ಆನೆ ಅಂತ ಗೊತ್ತಿರುವುದಿಲ್ಲ. ಮರಿ ಇರುವ ಹಿಂಡಿನ ಮುಂದೆ ನಡೆದುಕೊಳ್ಳುವ ರೀತಿ ಬೇರೆ, ಮದ ಬಂದ ಸಲಗದ ಮುಂದೆ ಬೇರೆ. ಅದಕ್ಕೇ ಈ ಲೇಖನದಲ್ಲಿ ಬೇಲಿ, ಪಟಾಕಿಯ ಮಾತಿಗೆ ಮೊದಲು ಆನೆಯ ಸಂಸಾರದ ಮಾತು ಬರುತ್ತದೆ.

1. ನೆಲ ನೋಡಿ: ಯಾರು ಬಂದು ಹೋಗಿದ್ದಾರೆ?

ಬೆಳಕು ಹರಿದ ಮೇಲೆ ತೋಟದ ರಸ್ತೆ, ಕೆರೆ ದಂಡೆ ಮತ್ತು ಹಲಸಿನ ಮರದ ಬುಡ ಈ ಮೂರು ಜಾಗವನ್ನು ಮೊದಲು ನೋಡಿ. ಒಬ್ಬರೇ ಹೋಗಬೇಡಿ. ನಾಯಿ ಬಿಟ್ಟುಕೊಂಡು ಹೋಗಲೇಬೇಡಿ. ನಾಯಿ ಆನೆಯನ್ನು ಕಂಡು ಬೊಗಳಿ, ಅದು ತಿರುಗಿಬಿದ್ದಾಗ ಓಡಿ ಬರುವುದು ಯಜಮಾನನ ಕಾಲ ಬುಡಕ್ಕೆ. ಹಿಂದೆಯೇ ಆನೆಯೂ ಬರುತ್ತದೆ.

ಆನೆಯ ಮುಂಗಾಲಿನ ಹೆಜ್ಜೆ ದುಂಡಗಿರುತ್ತದೆ, ಹಿಂಗಾಲಿನದು ಉದ್ದುದ್ದ. ಒದ್ದೆ ಮಣ್ಣಿನಲ್ಲಿ ಮುಂಗಾಲಿನ ಗುರುತು ಚೆನ್ನಾಗಿ ಮೂಡಿದ್ದರೆ ಒಂದು ಹಗ್ಗ ತೆಗೆದುಕೊಂಡು ಅದರ ಅಂಚಿನ ಸುತ್ತ ಹಿಡಿಯಿರಿ. ಸಿಕ್ಕ ಉದ್ದದ ಎರಡರಷ್ಟು ಎಂದರೆ ಹೆಚ್ಚುಕಮ್ಮಿ ಆ ಆನೆಯ ಹೆಗಲಿನ ಎತ್ತರ. ಮಾವುತರಿಗೂ ಕಾಡಿನ ಕಾವಲುಗಾರರಿಗೂ ಹಿಂದಿನಿಂದ ಗೊತ್ತಿರುವ ಲೆಕ್ಕ ಇದು. ನಾಲ್ಕೂವರೆ ಅಡಿ ಹಗ್ಗ ಹಿಡಿಯಿತು ಅಂದರೆ ಒಂಬತ್ತು ಅಡಿಯ ಆನೆ. ಹೆಣ್ಣಾನೆ ಸಾಮಾನ್ಯವಾಗಿ ಅಷ್ಟು ಎತ್ತರ ಬೆಳೆಯುವುದಿಲ್ಲ, ಹಾಗಾಗಿ ಅದು ಸಲಗವೇ ಅನ್ನಬಹುದು. ದೊಡ್ಡ ಹೆಜ್ಜೆಗಳ ನಡುವೆ ಊಟದ ತಟ್ಟೆಯಷ್ಟೋ ಅದಕ್ಕಿಂತ ಚಿಕ್ಕದೋ ಆದ ಹೆಜ್ಜೆ ಕಂಡರೆ ಹಿಂಡಿನಲ್ಲಿ ಮರಿ ಇದೆ. ಆ ದಿನ ತೋಟದ ಆ ಬ್ಲಾಕಿನಲ್ಲಿ ಕೆಲಸ ಬೇಡ.

ಹೆಜ್ಜೆ ಹಳೆಯದೋ ಹೊಸದೋ ಅಂತ ಅಂಚು ಹೇಳುತ್ತದೆ. ಅಂಚಿನ ಮಣ್ಣು ಇನ್ನೂ ಹಸಿಯಾಗಿ, ಮೊನಚಾಗಿ ನಿಂತಿದ್ದರೆ, ಹೆಜ್ಜೆಯೊಳಗೆ ನೀರು ಇನ್ನೂ ಕದಡಿಕೊಂಡೇ ಇದ್ದರೆ ಆನೆ ದೂರ ಹೋಗಿಲ್ಲ. ಒಮ್ಮೆ ನಮ್ಮ ಕೆರೆಯ ಕೆಳಗಿನ ಕಾಲುದಾರಿಯಲ್ಲಿ ನಾನು ಬಗ್ಗಿ ಹೆಜ್ಜೆ ನೋಡುತ್ತಿದ್ದೆ. ಒಳಗೆ ತುಂಬಿದ್ದ ನೀರು ಇನ್ನೂ ಕೆಂಪಾಗಿತ್ತು, ತುಳಿತಕ್ಕೆ ಸಿಕ್ಕ ಹುಲ್ಲೊಂದು ನಾನು ನೋಡುತ್ತಿದ್ದಂತೆಯೇ ನಿಧಾನವಾಗಿ ಮೇಲೇಳುತ್ತಿತ್ತು. ಜೊತೆಗಿದ್ದ ಹಿರಿಯ ಕೆಲಸಗಾರ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದ. ಮಾತಾಡಲಿಲ್ಲ. ಎಡಗಡೆ ಸುಮಾರು ಮೂವತ್ತು ಹೆಜ್ಜೆ ದೂರದಲ್ಲಿ, ರೊಬಸ್ಟಾ ಗಿಡಗಳ ಮೇಲೆ ಬೂದು ಬಣ್ಣದ ಬೆನ್ನೊಂದು ಕಾಣುತ್ತಿತ್ತು. ಅಷ್ಟು ದೊಡ್ಡ ಜೀವ ಅಷ್ಟು ಹತ್ತಿರ ನಿಂತಿದ್ದರೂ ಒಂದು ಎಲೆಯ ಸದ್ದಿರಲಿಲ್ಲ.

ಲದ್ದಿಯೂ ಸುದ್ದಿ ಹೇಳುತ್ತದೆ. ಆನೆ ದಿನಕ್ಕೆ ಹದಿನೈದು ಹದಿನಾರು ಸಲ ಲದ್ದಿ ಹಾಕುವುದರಿಂದ ಹೋದ ದಾರಿ ಸುಲಭವಾಗಿ ಸಿಗುತ್ತದೆ. ಬಿಸಿಯಾಗಿದ್ದು ಮೇಲೆ ಹೊಳಪಿದ್ದರೆ ಈಗಷ್ಟೇ ಹಾಕಿದ್ದು, ಹೊಳಪು ಹೋಗಿ ಒಣಗಿದ್ದರೆ ಹಳೆಯದು. ಒಳಗೆ ಏನಿದೆ ಅಂತಲೂ ನೋಡಿ. ಹಲಸಿನ ಬೀಜ, ಭತ್ತದ ಹೊಟ್ಟು, ಬಾಳೆ ನಾರು, ಕೆಲವೊಮ್ಮೆ ಕಾಫಿ ಬೀಜ. ಯಾರ ಗದ್ದೆಯಿಂದ ಬಂದಿದೆ, ನಾಳೆ ಎಲ್ಲಿಗೆ ಮರಳುತ್ತದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸುಳಿವಿಲ್ಲ.

2. ಹಿಂಡು, ಒಂಟಿ, ಪಡ್ಡೆ ಗುಂಪು: ಈ ವ್ಯತ್ಯಾಸ ಜೀವ ಉಳಿಸುತ್ತದೆ

ಹಿಂಡು ಅಂದರೆ ಹೆಣ್ಣುಗಳ ಮನೆ. ಅಜ್ಜಿ, ಅವಳ ಹೆಣ್ಣುಮಕ್ಕಳು, ಅಕ್ಕತಂಗಿಯರು, ಅವರ ಮರಿಗಳು. ಎತ್ತ ಹೋಗಬೇಕು, ಯಾವ ಕೆರೆಯಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ, ಯಾವ ರಸ್ತೆ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಅಂತ ತಿಳಿದಿರುವವಳು ಹಿರಿಯಳು. ಉಳಿದವು ಅವಳ ಹಿಂದೆ. ಹಾಸನದಲ್ಲಿ ಅರಣ್ಯ ಇಲಾಖೆ ಹಿಂಡಿನ ಹೆಣ್ಣಾನೆಗೆ ರೇಡಿಯೊ ಕಾಲರ್ ಹಾಕುವುದು ಇದೇ ಕಾರಣಕ್ಕೆ. ಒಬ್ಬಳ ಕೊರಳಿಗೆ ಕಾಲರ್ ಬಿದ್ದರೆ ಇಡೀ ಸಂಸಾರ ಎಲ್ಲಿದೆ ಅಂತ ಗೊತ್ತಾಗುತ್ತದೆ. ಆ ಹಿಂಡುಗಳಿಗೆ ಜನ ಭುವನೇಶ್ವರಿ, ಬೀಟಮ್ಮ ಅಂತೆಲ್ಲ ಹೆಸರಿಟ್ಟಿದ್ದಾರೆ. "ಇವತ್ತು ಬೀಟಮ್ಮ ಗ್ಯಾಂಗ್ ನಮ್ಮ ಕಡೆ" ಅಂದರೆ ನಮ್ಮಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

ಆನೆಯ ಗರ್ಭ ಇಪ್ಪತ್ತು ಇಪ್ಪತ್ತೆರಡು ತಿಂಗಳು. ಹುಟ್ಟುವ ಮರಿ ಸುಮಾರು 100 ಕೆ.ಜಿ. ತೂಗುತ್ತದೆ. ಮುಂದಿನ ಮರಿಗೆ ಸಾಮಾನ್ಯವಾಗಿ ನಾಲ್ಕೈದು ವರ್ಷ ಬೇಕು. ಇಷ್ಟು ಕಾದು ಪಡೆದ ಮರಿಯ ಬಳಿ ಯಾರಾದರೂ ಸುಳಿದರೆ ಹೆತ್ತವಳೊಬ್ಬಳೇ ಅಲ್ಲ, ಚಿಕ್ಕಮ್ಮ ದೊಡ್ಡಮ್ಮಂದಿರೂ ಏರಿ ಬರುತ್ತಾರೆ. ಹಿಂಡು ರಸ್ತೆ ದಾಟುವುದನ್ನು ದೂರದಿಂದ ನೋಡಿ. ಮೊದಲು ಒಬ್ಬಳು ಬಂದು ಸೊಂಡಿಲೆತ್ತಿ ಗಾಳಿ ಹಿಡಿಯುತ್ತಾಳೆ. ಆಮೇಲೆ ಉಳಿದವು ಒಟ್ಟಾಗಿ ಇಳಿಯುತ್ತವೆ. ಮರಿ ಎಲ್ಲಿ ಅಂತ ಹುಡುಕಬೇಕು, ದೊಡ್ಡವುಗಳ ಕಾಲುಗಳ ನಡುವೆ ನಾಲ್ಕು ಪುಟ್ಟ ಕಾಲು ಓಡುತ್ತಿರುವುದಷ್ಟೇ ಕಾಣುತ್ತದೆ. ಕೊನೆಯಲ್ಲಿ ಒಬ್ಬಳು ಹಿಂದಕ್ಕೆ ತಿರುಗಿ ನಿಂತು ಕಾಯುತ್ತಾಳೆ. ಹಾಗಾಗಿ ಮೊದಲ ಆನೆ ದಾಟಿದ ಕೂಡಲೇ ದಾರಿ ಬಿಟ್ಟಿತು ಅಂದುಕೊಂಡು ನುಗ್ಗಬೇಡಿ. ಕೊನೆಯದು ಹೋಯಿತು ಅನ್ನಿಸಿದ ಮೇಲೂ ಹತ್ತು ನಿಮಿಷ ನಿಲ್ಲಿ.

ಗಂಡು ಮರಿಗಳು ಹನ್ನೆರಡು ಹದಿನೈದು ವರ್ಷದ ಹೊತ್ತಿಗೆ ತಾಯಿಯ ಹಿಂಡು ಬಿಡುತ್ತವೆ. ಒಂಟಿ ಸಲಗ ಅಂತ ನಾವು ಕರೆದರೂ ಅವು ಬಂಧುಬಳಗ ಇಲ್ಲದವಲ್ಲ. ಹಿರಿಯ ಸಲಗದ ಹಿಂದೆ ಎರಡು ಮೂರು ಎಳೆಯವು ಓಡಾಡುತ್ತವೆ, ಅದು ಮಾಡಿದ್ದನ್ನು ನೋಡಿ ಕಲಿಯುತ್ತವೆ. ನಿಶಾಂತ್ ಶ್ರೀನಿವಾಸಯ್ಯ, ಅನಿಂದ್ಯ ಸಿನ್ಹಾ ಮತ್ತು ರಾಮನ್ ಸುಕುಮಾರ್ ದಕ್ಷಿಣ ಭಾರತದ ಗಂಡಾನೆಗಳನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತು: ಬೆಳೆ ಇರುವ, ಜನರ ಅಪಾಯ ಹೆಚ್ಚಿರುವ ಪ್ರದೇಶಗಳಲ್ಲಿ ಗಂಡಾನೆಗಳು ಗುಂಪು ಕಟ್ಟಿಕೊಳ್ಳುತ್ತಿವೆ. ಅಪಾಯ ಇರುವಲ್ಲಿ ಜೊತೆಗಾರರಿದ್ದರೆ ಧೈರ್ಯ, ನಮ್ಮ ಹುಡುಗರಿಗೂ ಹಾಗೆಯೇ ಅಲ್ಲವೇ? ಬೇಲಿ ಮುರಿಯುವುದು, ಗೇಟು ಎತ್ತಿ ಹಾಕುವುದು, ಸಂಜೆ ಹೊತ್ತಿಗೆ ಮುಂಚೆಯೇ ಗದ್ದೆಗೆ ಇಳಿಯುವುದು ಹೆಚ್ಚಾಗಿ ಇವುಗಳ ಕೆಲಸ.

ಎಲ್ಲಕ್ಕಿಂತ ದೂರ ಇಡಬೇಕಾದದ್ದು ಮದ ಬಂದ ಸಲಗವನ್ನು. ಕಣ್ಣು ಕಿವಿಯ ನಡುವಿನ ಗ್ರಂಥಿಯಿಂದ ಕಪ್ಪಗೆ ದ್ರವ ಸುರಿದು ಕೆನ್ನೆಯ ಮೇಲೆ ಪಟ್ಟಿಯಾಗಿರುತ್ತದೆ. ಮೂತ್ರ ತೊಟ್ಟಿಕ್ಕುತ್ತಾ ಹಿಂಗಾಲು ಒದ್ದೆಯಾಗಿರುತ್ತದೆ. ಘಾಟು ವಾಸನೆ ಗಾಳಿಯಲ್ಲಿ ಮೊದಲೇ ಬರುತ್ತದೆ. ಈ ಸ್ಥಿತಿ ಕೆಲವು ವಾರಗಳಿಂದ ಕೆಲವು ತಿಂಗಳವರೆಗೂ ಇರುತ್ತದೆ. ಆಗ ಅದು ಹೆಣ್ಣು ಹುಡುಕುತ್ತಾ, ಎದುರಾದ ಗಂಡನ್ನು ಎದುರಿಸುತ್ತಾ ತಿರುಗುತ್ತದೆ. ನಿನ್ನೆಯವರೆಗೆ ಜನ ಕಂಡರೆ ಸರಿದು ಹೋಗುತ್ತಿದ್ದ ಆನೆ ಇವತ್ತು ಸರಿಯುವುದಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಕಾರ್ಯಾಚರಣೆಗೆ ಬಂದಿದ್ದ ಸಾಕಾನೆ ಅರ್ಜುನ ಪ್ರಾಣ ಬಿಟ್ಟದ್ದು ಕಾಡಿನ ಸಲಗದೊಂದಿಗಿನ ಕಾಳಗದಲ್ಲಿ. ಎಂಟು ದಸರಾಗಳಲ್ಲಿ 750 ಕೆ.ಜಿ.ಯ ಚಿನ್ನದ ಅಂಬಾರಿ ಹೊತ್ತ, ಪಳಗಿದ, ಅಷ್ಟು ದೊಡ್ಡ ಆನೆಗೇ ಹಾಗಾಯಿತು. ಆ ದಿನ ನಮ್ಮೂರುಗಳಲ್ಲಿ ಒಲೆ ಹಚ್ಚದ ಮನೆಗಳಿದ್ದವು.

3. ಸುದ್ದಿ ಎಲ್ಲರಿಗೂ ಮುಟ್ಟಲಿ

ಆನೆ ಕಂಡವರು ಮೊದಲು ಮಾಡಬೇಕಾದದ್ದು ಮೂರು ಸಂಗತಿ ತಿಳಿಸುವುದು: ಎಷ್ಟು, ಯಾವ ಥರದ್ದು, ಯಾವ ಕಡೆ ಮುಖ. "ಆನೆ ಇದೆ ಹುಷಾರು" ಅನ್ನುವ ಸಂದೇಶದಿಂದ ಹೆದರಿಕೆ ಹರಡುತ್ತದೆಯೇ ಹೊರತು ಯಾವ ದಾರಿ ಬಿಡಬೇಕು ಅಂತ ತಿಳಿಯುವುದಿಲ್ಲ. "ಮರಿ ಸೇರಿ ಎಂಟು, ಹಳ್ಳದ ಈಚೆ, ಶಾಲೆ ಕಡೆ ಮುಖ, 6.10" ಅಂತ ಬರೆದರೆ ಓದಿದವರು ನಿರ್ಧಾರ ಮಾಡಬಹುದು. ಫೋಟೊ ತೆಗೆಯಲು ಹತ್ತಿರ ಹೋಗುವುದು ಬೇಡ. ಹಳೆಯ ವಿಡಿಯೊ ಮತ್ತೆ ಹಾಕುವವರನ್ನು ಗುಂಪಿನಿಂದ ತೆಗೆಯಿರಿ. ಇದರಲ್ಲಿ ದಾಕ್ಷಿಣ್ಯ ಬೇಡ. ಎರಡು ಸಲ ಸುಳ್ಳು ಸುದ್ದಿ ಬಂದರೆ ಮೂರನೆಯ ಸಲ ಜನ ಫೋನೇ ನೋಡುವುದಿಲ್ಲ.

ತಮಿಳುನಾಡಿನ ವಾಲ್ಪಾರೈಯ ಟೀ ತೋಟಗಳಲ್ಲಿ ಎರಡು ದಶಕಗಳಿಂದ ಈ ಕೆಲಸ ನಡೆದಿದೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಆನಂದ ಕುಮಾರ್ ಮತ್ತು ಅವರ ತಂಡ ಅಲ್ಲಿ ಆನೆಗಳ ಓಡಾಟವನ್ನು ಎಸ್ಸೆಮ್ಮೆಸ್ ಮೂಲಕ ತಿಳಿಸುವ, ಊರಿನ ಎತ್ತರದ ಜಾಗದಲ್ಲಿ ಕೆಂಪು ದೀಪ ಉರಿಸುವ ವ್ಯವಸ್ಥೆ ಮಾಡಿತು. ದೀಪವನ್ನು ಊರಿನವರೇ ಫೋನಿನಿಂದ ಹೊತ್ತಿಸಬಹುದು. ನಮ್ಮಲ್ಲೂ ರಸ್ತೆ ಬದಿಯಲ್ಲಿ ಎಚ್ಚರಿಕೆ ಫಲಕಗಳು ಬಂದಿವೆ. ಫೋನ್ ಇಲ್ಲದವರ ಗತಿ ಏನು ಅಂತ ಮಾತ್ರ ಯೋಚಿಸಬೇಕು. ಹೊರಗಿನಿಂದ ಕುಯ್ಲಿಗೆ ಬಂದ ಕೆಲಸಗಾರರಿಗೆ ಕನ್ನಡ ಓದಲು ಬಾರದು, ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರಿಲ್ಲ. ಲೈನ್‌ಮನೆಯಲ್ಲಿ, ಅಂದರೆ ಕೆಲಸಗಾರರ ಸಾಲುಮನೆಯಲ್ಲಿ, ಅವರ ಭಾಷೆ ಬಲ್ಲ ಒಬ್ಬರಿಗೆ ಈ ಜವಾಬ್ದಾರಿ ಕೊಡಿ. ಅವರಿಗೆ ಧ್ವನಿ ಸಂದೇಶ ಕಳಿಸಿ. ಅವರು ಎಲ್ಲರಿಗೂ ಹೇಳಿದ ಮೇಲೆಯೇ ಕೆಲಸ ಶುರುವಾಗಲಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಅದರ ಜೊತೆಗೆ ನಿಮ್ಮ ವಲಯದ ಆನೆ ಕಾರ್ಯಪಡೆಯ ಸಂಖ್ಯೆಯನ್ನು ಲೈನ್‌ಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಬರೆಸಿ.

4. ಬೆಳಗಿನ ಮತ್ತು ಸಂಜೆಯ ಹೊತ್ತು

ಆನೆ ಹಗಲು ನೆರಳಿನಲ್ಲಿ ನಿಂತು ಸಂಜೆ ಹೊರಡುತ್ತದೆ, ಬೆಳಗಿನ ಜಾವ ಮರಳುತ್ತದೆ. ನಮ್ಮ ಜನ ಕೆಲಸಕ್ಕೆ ಹೋಗುವ ಬರುವ ಹೊತ್ತೂ ಅದೇ. ಮಂಜು ಕರಗುವ ಮೊದಲು ಕೆಲಸಕ್ಕೆ ಕರೆಯಬೇಡಿ. ಡಿಸೆಂಬರ್‌ನಿಂದ ಕುಯ್ಲು ಜೋರಾಗಿರುವಾಗ ಒಂದು ಗಂಟೆ ತಡವಾಗುತ್ತದೆ ಅಂತ ಚಡಪಡಿಕೆ ಆಗುವುದು ಸಹಜ, ನನಗೂ ಆಗುತ್ತದೆ. ಆದರೂ ತೋಟ ನೋಡಿ ಬರುವವರು ಬಂದು ಹೇಳುವ ತನಕ ಗೇಟು ತೆರೆಯುವುದಿಲ್ಲ ಅಂತ ನಾವು ನಿಯಮ ಮಾಡಿಕೊಂಡಿದ್ದೇವೆ. ಮಕ್ಕಳು ಶಾಲೆಗೆ ನಡೆದು ಹೋಗುವ ಕಾಲುದಾರಿ ಇದ್ದರೆ ಊರವರು ಸೇರಿ ಜೀಪೋ ಆಟೋವೋ ಗೊತ್ತು ಮಾಡಿ.

ಲೈನ್‌ಮನೆಗೆ ಅಂಟಿಕೊಂಡೇ ಶೌಚಾಲಯ ಇರಬೇಕು, ಅದರಲ್ಲಿ ನೀರಿರಬೇಕು, ದೀಪ ಇರಬೇಕು. ಕತ್ತಲಲ್ಲಿ ಬಯಲಿಗೆ ಹೋದ ಹೆಂಗಸರು ಆನೆಗೆ ಸಿಕ್ಕಿದ್ದಾರೆ. ಬೇಲಿಗೆ ಲಕ್ಷ ಲಕ್ಷ ಸುರಿಯುವ ಮೊದಲು ಈ ಕೆಲಸ ಮುಗಿಸಿ ಅಂತ ತೋಟದ ಮಾಲೀಕರಲ್ಲಿ ಕೈಮುಗಿದು ಕೇಳುತ್ತೇನೆ.

ಅಕ್ಕಿ, ಉಪ್ಪು, ಬೆಲ್ಲವನ್ನು ತೆಳು ಗೋಡೆಯ ಪಕ್ಕ ಇಡಬೇಡಿ. ಆಫ್ರಿಕಾದ ಆನೆಯಲ್ಲಿ ವಾಸನೆ ಹಿಡಿಯುವ ಜೀನುಗಳು ಸುಮಾರು 2,000 ಇವೆ ಅಂತ ಲೆಕ್ಕ ಹಾಕಿದ್ದಾರೆ, ನಾಯಿಗೆ ಇರುವುದರ ಎರಡರಷ್ಟಕ್ಕಿಂತ ಹೆಚ್ಚು. ನಮ್ಮ ಆನೆಯೂ ಮೂಗಿನಲ್ಲಿ ಹಿಂದೆ ಬಿದ್ದಿಲ್ಲ. ಹುಳಿ ಬಂದ ಹಲಸು, ಗುಟ್ಟಾಗಿ ಇಟ್ಟ ಕಳ್ಳು ಸಾರಾಯಿ ಅದಕ್ಕೆ ದೂರದಿಂದಲೇ ತಿಳಿಯುತ್ತದೆ. ಮನೆ ಸುತ್ತಿನ ಹಲಸನ್ನು ಎಳೆಯ ಗುಜ್ಜೆ ಇರುವಾಗಲೇ ಇಳಿಸಿ. ತೋಟದ ಒಳಗಿನ ಹಲಸಿನ ಮರಗಳನ್ನು ಮಾತ್ರ ಕಡಿಯಬೇಡಿ. ನೆರಳು ಹೋಗುತ್ತದೆ, ಆನೆ ಹೋಗುವುದಿಲ್ಲ. ಹೊಟ್ಟೆಗಿಲ್ಲದ ಆನೆ ಬಾಳೆ, ಅಡಿಕೆಗೆ ತಿರುಗುತ್ತದೆ.

5. ಎದುರಾದರೆ

ಮೊದಲು ನಿಲ್ಲಿ. ಆನೆ ಮೇಯುತ್ತಿರುವಾಗ ಕಿವಿ ಬೀಸುವ, ಕೊಂಬೆ ಮುರಿಯುವ ಸದ್ದು ಬರುತ್ತಿರುತ್ತದೆ. ಆ ಸದ್ದು ತಟ್ಟನೆ ನಿಂತಿತು ಅಂದರೆ ಅದಕ್ಕೆ ನೀವು ಗೊತ್ತಾಗಿದ್ದೀರಿ. ಅದು ಈಗ ಕೇಳಿಸಿಕೊಳ್ಳುತ್ತಿದೆ. ಅವುಗಳ ಮಾತಿನಲ್ಲಿ ನಮ್ಮ ಕಿವಿಗೆ ನಿಲುಕದಷ್ಟು ತಗ್ಗಿದ ಧ್ವನಿಯೂ ಇರುವುದರಿಂದ ನೀವು ಒಂದೇ ಆನೆ ಕಂಡರೂ ಉಳಿದವಕ್ಕೆ ಆಗಲೇ ಸುದ್ದಿ ಹೋಗಿರಬಹುದು.

ದೂರ ಇದ್ದರೆ ಬಂದ ದಾರಿಯಲ್ಲೇ, ಆನೆಗೆ ಬೆನ್ನು ಹಾಕದೆ, ಸದ್ದಿಲ್ಲದೆ ಹಿಂದೆ ಸರಿಯಿರಿ. ಗಾಳಿ ಯಾವ ಕಡೆಯಿಂದ ಅಂತ ಒಂದು ಹಿಡಿ ಒಣಮಣ್ಣು ಬಿಟ್ಟು ನೋಡಿ. ಆನೆಯ ಕಡೆಯಿಂದ ನಿಮ್ಮ ಕಡೆಗೆ ಗಾಳಿ ಬೀಸುವಂತೆ ಇರಿ. ದೂರದ್ದು ಅದಕ್ಕೆ ಕಣ್ಣಿಗಿಂತ ಮೂಗಿನಿಂದಲೇ ಹೆಚ್ಚು ತಿಳಿಯುವುದು. ಮರಿ ಒಂದು ಕಡೆ, ದೊಡ್ಡ ಆನೆ ಇನ್ನೊಂದು ಕಡೆ ಇದ್ದು ನೀವು ನಡುವೆ ಸಿಕ್ಕಿಕೊಂಡಿದ್ದರೆ ಪಕ್ಕಕ್ಕೆ ಸರಿದು ಮೊದಲು ಆ ನಡುವನ್ನು ಖಾಲಿ ಮಾಡಿ.

ಕಿವಿ ಅಗಲಿಸಿ, ತಲೆ ಎತ್ತಿ, ಮಣ್ಣು ಎರಚಿ, ಘೀಳಿಟ್ಟು ನಾಲ್ಕು ಹೆಜ್ಜೆ ಓಡಿ ಬಂದು ನಿಲ್ಲುವುದು ಹೆಚ್ಚಾಗಿ ಬೆದರಿಕೆ. ಸೊಂಡಿಲನ್ನು ಒಳಕ್ಕೆ ಸುತ್ತಿಕೊಂಡು, ತಲೆ ತಗ್ಗಿಸಿ, ಸದ್ದಿಲ್ಲದೆ ಬಂದರೆ ಅದು ನಿಲ್ಲಲು ಬರುತ್ತಿಲ್ಲ. ಹೀಗೆ ಬರೆಯುವಾಗಲೂ ಹೇಳುತ್ತೇನೆ, ಇದು ಪುಸ್ತಕದ ಗೆರೆಯಲ್ಲ. ಬೆದರಿಕೆ ಅಂತ ಲೆಕ್ಕ ಹಾಕಿ ನಿಂತುಕೊಳ್ಳಬೇಡಿ.

ಅಟ್ಟಿಸಿಕೊಂಡು ಬಂದರೆ ಬಯಲಿನಲ್ಲಿ ನೇರವಾಗಿ ಓಡಿ ಗೆಲ್ಲಲಾರಿರಿ. ಗಂಟೆಗೆ ಇಪ್ಪತ್ತು ಕಿ.ಮೀ.ಗಿಂತ ವೇಗವಾಗಿ ಅದು ಬರುತ್ತದೆ. ಕೈಯಲ್ಲಿರುವ ಕೊಡೆ, ಕಂಬಳಿ, ಚೀಲ ಬಿಸಾಡಿ. ಕೆಲವು ಕ್ಷಣ ಅದರತ್ತ ತಿರುಗಬಹುದು, ಆ ಕ್ಷಣಗಳೇ ಸಾಕು. ದಪ್ಪ ಮರಗಳ ಮರೆ ಹಿಡಿದು ತಿರುಗಿ ತಿರುಗಿ ಓಡಿ. ಕಲ್ಲು ಕಟ್ಟಿದ ಮೋರಿ, ಆಳವಾದ ಕಿರಿದಾದ ಕಂದಕ, ಕಾಂಕ್ರೀಟ್ ಕಟ್ಟಡದ ಮೆಟ್ಟಿಲು ಸಿಕ್ಕಿದರೆ ಅಲ್ಲಿ ಸೇರಿ. ಆನೆಗೆ ಜಿಗಿಯಲು ಬಾರದು. ಇಳಿಜಾರಿನಲ್ಲಿ ಆನೆ ಓಡಲಾರದು ಅಂತ ಹಳಬರು ಹೇಳುವ ಮಾತನ್ನು ನಂಬಬೇಡಿ. ಹಿಂಗಾಲು ಮಡಿಸಿ ಜಾರಿಕೊಂಡು ಇಳಿಯುವುದನ್ನು ನಾನೇ ಕಂಡಿದ್ದೇನೆ.

6. ವಾಹನದಲ್ಲಿದ್ದರೆ

ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಕಣ್ಣಿಗೆ ಹೊಡೆಯುವ ಲೈಟು ಬೇಡ, ಕೆಳಗಿಳಿಯುವುದು ಬೇಡ. ಹಿಂದಕ್ಕೆ ಹೋಗಲು ಜಾಗ ಇರಲಿ, ಹಿಂದಿನ ವಾಹನದವರಿಗೆ ಕೈಸನ್ನೆ ಮಾಡಿ. ಬೈಕಿನವರು ತಿರುಗಿಸಿಕೊಂಡು ಹೋಗಿಬಿಡಿ. ಸೆಲ್ಫಿಗಾಗಿ, ಬಾಳೆಹಣ್ಣು ಎಸೆಯಲಿಕ್ಕಾಗಿ ನಿಲ್ಲುವ ಪ್ರವಾಸಿಗರೇ, ನೀವು ಹೋದ ಮೇಲೆ ಆ ಆನೆ ಮುಂದಿನ ವಾಹನದ ಹತ್ತಿರವೂ ಹೋಗುತ್ತದೆ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ 2009ರಿಂದ ಇದೆ. ಆ ಹೊತ್ತು ಪ್ರಾಣಿಗಳದ್ದು. ಗೇಟಿನಲ್ಲಿ ಜಗಳ ಆಡುವ ಬದಲು ಅರ್ಧ ಗಂಟೆ ಮುಂಚೆ ಹೊರಡಿ.

7. ಓಡಿಸುವ ಆತುರ

ಇದರ ಬಗ್ಗೆ ನನಗೆ ತುಂಬ ನೋವಿದೆ, ಹಾಗಾಗಿ ಸ್ವಲ್ಪ ಹೆಚ್ಚೇ ಬರೆಯುತ್ತೇನೆ.

ಒಂದು ತೋಟದವರು ಪಟಾಕಿ ಹೊಡೆದು ಓಡಿಸುತ್ತಾರೆ. ಹಿಂಡು ಪಕ್ಕದ ತೋಟಕ್ಕೆ ನುಗ್ಗುತ್ತದೆ. ಅಲ್ಲಿಯವರು ಆ ಕಡೆಯಿಂದ ಓಡಿಸುತ್ತಾರೆ. ರಾತ್ರಿಯಿಡೀ ಅತ್ತಿಂದಿತ್ತ ಓಡಿ ದಣಿದ, ಮರಿಯನ್ನು ಕಾಲ ಬುಡದಲ್ಲಿ ಇಟ್ಟುಕೊಂಡ ತಾಯಿ ಬೆಳಿಗ್ಗೆ ಆರಕ್ಕೆ ಹಾಲಿನ ಡೈರಿಗೆ ಹೊರಟ ಯಾವ ಪಾಪದವನಿಗೋ ಎದುರಾಗುತ್ತಾಳೆ. ಆಮೇಲೆ ಎಲ್ಲರೂ ಹೇಳುವುದು "ಆ ಆನೆ ಪುಂಡಾನೆ" ಅಂತ. ಹಿಂದಿನ ರಾತ್ರಿ ಅದರ ಮೇಲೆ ಬಿದ್ದ ಪಟಾಕಿಯ ಲೆಕ್ಕ ಯಾರೂ ಹೇಳುವುದಿಲ್ಲ.

ಹಿಂಡಿನ ನಡುವಿಗೆ ಪಟಾಕಿ ಎಸೆದರೆ ಹಿಂಡು ಒಡೆಯುತ್ತದೆ. ಒಡೆದ ಹಿಂಡು ಮತ್ತೆ ಸೇರುವ ತನಕ ಆ ಪ್ರದೇಶ ಬಿಟ್ಟು ಹೋಗುವುದಿಲ್ಲ. ತಪ್ಪಿಸಿಕೊಂಡದ್ದನ್ನು ಕರೆಯುತ್ತಾ, ಹುಡುಕುತ್ತಾ ಅಲ್ಲೇ ಸುತ್ತುತ್ತದೆ. ಅಂದರೆ ಓಡಿಸಲು ಹೋದವರೇ ಅದನ್ನು ಕಟ್ಟಿಹಾಕಿದ ಹಾಗಾಯಿತು.

ಇನ್ನೂ ಕ್ರೂರವಾದದ್ದೂ ನಡೆದಿದೆ. ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ 2020ರ ಮೇ ತಿಂಗಳಲ್ಲಿ ಸ್ಫೋಟಕ ತುಂಬಿದ ಹಣ್ಣು ಕಚ್ಚಿ ಬಾಯಿ ಸಿಡಿದ ಗರ್ಭಿಣಿ ಆನೆ ನೋವು ತಾಳಲಾರದೆ ಹೊಳೆಯ ನೀರಿನಲ್ಲಿ ನಿಂತೇ ಸತ್ತಿತು. 2021ರ ಜನವರಿಯಲ್ಲಿ ನೀಲಗಿರಿಯ ಮಸಿನಗುಡಿಯಲ್ಲಿ ಉರಿಯುವ ವಸ್ತುವನ್ನು ಆನೆಯ ಕಿವಿಯ ಮೇಲೆ ಎಸೆದರು. ಅದೂ ಬದುಕಲಿಲ್ಲ. ನಮ್ಮಲ್ಲೂ ಕೋವಿಯ ಚರೆ ತಾಗಿ ಕೀವಾದ ಕಾಲಿನಲ್ಲಿ ಕುಂಟುವ ಆನೆಗಳನ್ನು ಜನ ಕಂಡಿದ್ದಾರೆ. ಗಾಯದ ನೋವಿನಲ್ಲಿರುವ ಆನೆಗಿಂತ ಅಪಾಯದ ಆನೆ ಇನ್ನೊಂದಿಲ್ಲ.

ಹಾಗಾದರೆ ಮಾಡುವುದೇನು? ಹಗಲಿನಲ್ಲಿ ಆನೆ ಒಂದು ಕಡೆ ನಿಂತಿದ್ದರೆ ಅಲ್ಲೇ ಬಿಡಿ, ಸುತ್ತಲಿನ ಕೆಲಸ ನಿಲ್ಲಿಸಿ. ಮನೆ, ಶಾಲೆಗೆ ತೀರಾ ಹತ್ತಿರ ಇದ್ದರೆ ಕಾರ್ಯಪಡೆಯನ್ನು ಕರೆಯಿರಿ. ಅವರು ಓಡಿಸುವಾಗ ಅದು ಹೋಗಬೇಕಾದ ದಿಕ್ಕಿನಲ್ಲಿ ಜನ ನಿಲ್ಲಬಾರದು, ಗೇಟುಗಳು ತೆರೆದಿರಬೇಕು, ಅಕ್ಕಪಕ್ಕದ ತೋಟದವರಿಗೆ ಮೊದಲೇ ತಿಳಿಸಿರಬೇಕು. ಕುತೂಹಲಕ್ಕೆ ಸೇರುವ ಗುಂಪನ್ನು ಊರಿನ ಹಿರಿಯರೇ ಚದುರಿಸಬೇಕು. ಕಾಡಿನ ಸಿಬ್ಬಂದಿ ನಾಲ್ಕೇ ಜನ ಇರುತ್ತಾರೆ. ಆನೆಯನ್ನು ನೋಡುತ್ತಾರೋ ನಮ್ಮ ಹುಡುಗರನ್ನು ಕಾಯುತ್ತಾರೋ?

"ಹಿಡಿದು ಸಾಗಿಸಿ" ಅಂತ ಎಲ್ಲ ಸಭೆಯಲ್ಲೂ ಕೇಳುತ್ತೇವೆ. ಜನ ಸತ್ತ ಊರಿನಲ್ಲಿ ನಿಂತು ಆ ಬೇಡಿಕೆ ತಪ್ಪು ಅನ್ನುವ ಧೈರ್ಯ ನನಗಿಲ್ಲ. ಹೈಕೋರ್ಟ್ ಸೂಚನೆಯಂತೆ ರಚನೆಯಾಗಿ 2012ರಲ್ಲಿ ವರದಿ ಕೊಟ್ಟ ಕರ್ನಾಟಕ ಆನೆ ಕಾರ್ಯಪಡೆ ಎಂಬ ತಜ್ಞರ ಸಮಿತಿ ಆಲೂರು ಭಾಗದ ಆನೆಗಳನ್ನು ಹಿಡಿಯಲು ಶಿಫಾರಸು ಮಾಡಿತು, ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದರು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಶ್ರೀಲಂಕಾದಲ್ಲಿ ಕಾಲರ್ ಹಾಕಿ ದೂರ ಬಿಟ್ಟ ಸಲಗಗಳನ್ನು ಹಿಂಬಾಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವು ಹಿಂದಕ್ಕೆ ಬಂದವು, ಕೆಲವು ಅಲೆದವು, ಕೆಲವು ಬಿಟ್ಟ ಕಾಡಿನ ಅಂಚಿನ ಊರುಗಳಿಗೆ ಇಳಿದವು. ಜನರ ಜೀವ ತೆಗೆದ ಒಂದು ಸಲಗವನ್ನು ಹಿಡಿಯಬೇಕಾದ ಸಂದರ್ಭ ಬರುತ್ತದೆ, ಒಪ್ಪುತ್ತೇನೆ. ಹಿರಿಯಳನ್ನು ಹಿಡಿದು ಹಿಂಡನ್ನು ಅನಾಥ ಮಾಡಿದರೆ ದಾರಿ ತೋರಿಸುವವರಿಲ್ಲದ ಎಳೆಯ ಆನೆಗಳು ನಮ್ಮ ನಡುವೆ ಉಳಿಯುತ್ತವೆ.

8. ಬೇಲಿ ಮತ್ತು ಕರೆಂಟು

ಸೋಲಾರ್ ಬೇಲಿ ಹಾಕುವುದಾದರೆ ತಂತಿಗೆ ಕರೆಂಟು ಬಿಡುವ ಪೆಟ್ಟಿಗೆ, ಅಂದರೆ ಎನರ್ಜೈಸರ್, ಪ್ರಮಾಣಿತವಾಗಿರಲಿ. ಅದು ಕ್ಷಣಮಾತ್ರ ಹೊಡೆತ ಕೊಟ್ಟು ನಿಲ್ಲುತ್ತದೆ, ಪ್ರಾಣ ತೆಗೆಯುವುದಿಲ್ಲ. ಮನೆಯ ಲೈನಿನಿಂದಲೋ ಕಂಬದಿಂದಲೋ ನೇರವಾಗಿ ತಂತಿಗೆ ಕರೆಂಟು ಕೊಡುವುದು ಕೊಲೆಗೆ ಸಮ. ಆನೆ ಸಾಯುತ್ತದೆ, ಹಸು ಸಾಯುತ್ತದೆ, ಬೆಳಿಗ್ಗೆ ಹುಲ್ಲಿಗೆ ಹೋದ ನೆರೆಯವರ ಮಗ ಸಾಯುತ್ತಾನೆ. ಆನೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಕೊಂದವರಿಗೆ 3ರಿಂದ 7 ವರ್ಷ ಜೈಲು.

ಬೇಲಿ ಹಾಕಿದ ದಿನದಿಂದ ಅದರ ಕೆಲಸ ಶುರು. ಬಳ್ಳಿ ತಾಗಿದರೆ ಕರೆಂಟು ನೆಲಕ್ಕಿಳಿಯುತ್ತದೆ, ವಾರಕ್ಕೊಮ್ಮೆ ಸವರಬೇಕು. ದಂತಕ್ಕೆ ಶಾಕ್ ಹೊಡೆಯುವುದಿಲ್ಲ ಅಂತ ಸಲಗಗಳು ಕಂಡುಕೊಂಡಿವೆ. ದಂತದಿಂದ ತಂತಿ ಕೀಳುತ್ತವೆ, ಪಕ್ಕದ ಮರವನ್ನು ಬೇಲಿ ಮೇಲೆ ಬೀಳಿಸುತ್ತವೆ. ಮೇಲಿನಿಂದ ತಂತಿಗಳು ಇಳಿಬಿದ್ದಿರುವ ತೂಗು ಬೇಲಿಯಲ್ಲಿ ಈ ತೊಂದರೆ ಸ್ವಲ್ಪ ಕಡಿಮೆ. ಇಡೀ ತೋಟಕ್ಕೆ ಬೇಲಿ ಸುತ್ತಿ ಆನೆಯ ಹಳೆಯ ದಾರಿ ಮುಚ್ಚಿದರೆ ಅದು ಮುರಿದೇ ಮುರಿಯುತ್ತದೆ. ಮನೆ, ಲೈನ್‌ಮನೆ, ಕಣ, ಗದ್ದೆಗೆ ಬೇಲಿ ಹಾಕಿ, ಅದು ಕೆರೆಗೆ ಹೋಗುವ ದಾರಿ ಬಿಡಿ. ಜೋತು ಬಿದ್ದ ವಿದ್ಯುತ್ ತಂತಿ ಕಂಡರೆ ಆ ದಿನವೇ ಲೈನ್‌ಮನ್‌ಗೆ ಹೇಳಿ, ಲಿಖಿತ ದೂರೂ ಕೊಡಿ. ಸೊಂಡಿಲೆತ್ತಿದ ಆನೆ ಎಷ್ಟು ಎತ್ತರ ಮುಟ್ಟುತ್ತದೆ ಅಂತ ತಂತಿ ಎಳೆದವರು ಯೋಚಿಸಿರುವುದಿಲ್ಲ.

9. ಮರಿ ಗುಂಡಿಗೆ ಬಿದ್ದರೆ

ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ, ಕಡಿದಾದ ದಂಡೆಯ ಕೆರೆಗಳ ಒಂದು ಬದಿ ಇಳಿಜಾರಾಗಿರಲಿ, ಬಿದ್ದದ್ದು ತಾನೇ ಹತ್ತಿ ಬರಲಿ. 2023ರ ಏಪ್ರಿಲ್‌ನಲ್ಲಿ ಸುಳ್ಯದ ಅಜ್ಜಾವರದಲ್ಲಿ ಅಡಿಕೆ ತೋಟದ ಕೆರೆಗೆ ಮರಿಗಳೂ ಸೇರಿ ನಾಲ್ಕು ಆನೆ ಬಿದ್ದಾಗ ದಂಡೆ ಕಡಿದು ದಾರಿ ಮಾಡಿಕೊಟ್ಟು ಹತ್ತಿಸಿದರು. ನಿಮ್ಮಲ್ಲೂ ಹಾಗಾದರೆ ಇಲಾಖೆಗೆ ತಿಳಿಸಿ, ಜೆಸಿಬಿ ಸಿದ್ಧ ಮಾಡಿ, ಜನರನ್ನು ದೂರ ಕಳಿಸಿ. ತಾಯಿ ಹತ್ತಿರದ ಮರೆಯಲ್ಲೇ ಇರುತ್ತಾಳೆ. ಒಂಟಿ ಮರಿ ಕಂಡರೆ ಮುದ್ದಿಗೆ ಮುಟ್ಟಬೇಡಿ, ಹಾಲು ಕುಡಿಸಬೇಡಿ. ಹಿಂಡು ಮರಳಿ ಬರಲು ಜಾಗ ಬಿಟ್ಟು, ಸಿಬ್ಬಂದಿ ಬರುವವರೆಗೆ ದೂರದಿಂದ ಕಾಯಿರಿ.

10. ಪುಸ್ತಕವೊಂದನ್ನು ಇಡಿ

ಬೆಳೆ ಹಾಳಾದರೆ ಆನೆ ತುಳಿದ ಹೆಜ್ಜೆ, ಲದ್ದಿ, ಮುರಿದ ಗಿಡಗಳ ಫೋಟೊ ತೆಗೆದು ತಡ ಮಾಡದೆ ವಲಯ ಕಚೇರಿಗೆ ತಿಳಿಸಿ. ಇ-ಪರಿಹಾರ ವ್ಯವಸ್ಥೆಯಲ್ಲಿ ಅರ್ಜಿ ದಾಖಲಾಗಬೇಕು. ಪಹಣಿ, ಆಧಾರ್, ಬ್ಯಾಂಕ್ ಖಾತೆಯ ವಿವರವನ್ನು ಒಂದೇ ಕವರಿನಲ್ಲಿ ಇಟ್ಟುಕೊಂಡಿರಿ. ನನ್ನ ಒಂದು ಅರ್ಜಿ ಫೋಟೊದಲ್ಲಿ ದಿನಾಂಕ ಇಲ್ಲ ಅಂತ ಹಿಂದಕ್ಕೆ ಬಂದಿತ್ತು. ಅಂದಿನಿಂದ ಒಂದು ಉದ್ದನೆಯ ನೋಟ್‌ಬುಕ್ ಕಾಫಿ ಕಣದ ಪಕ್ಕದ ಕೋಣೆಯಲ್ಲಿದೆ. ಆನೆ ಕಂಡವರು ಯಾರೇ ಆದರೂ ಅದರಲ್ಲಿ ಬರೆಯುತ್ತಾರೆ, ಬರೆಯಲು ಬಾರದವರು ಹೇಳಿ ಬರೆಸುತ್ತಾರೆ. ಎರಡು ವರ್ಷದ ಪುಟ ತಿರುವಿದರೆ ಹಿಂಡು ಯಾವ ತಿಂಗಳು ಯಾವ ಹಳ್ಳದಿಂದ ಹತ್ತುತ್ತದೆ ಅಂತ ಕಾಣುತ್ತದೆ. ಆ ವಾರ ಆ ಬ್ಲಾಕಿನ ಕೆಲಸ ನಾವು ಮೊದಲೇ ಮುಗಿಸುತ್ತೇವೆ.

ಬರೆಯುವ ಕ್ರಮ ಇಷ್ಟೇ: ದಿನಾಂಕ, ಹೊತ್ತು, ಜಾಗ, ಎಷ್ಟು, ಮರಿ ಇದೆಯೇ, ಮದ ಇದೆಯೇ, ಎತ್ತ ಹೋಯಿತು, ಕಂಡವರು ಯಾರು. ಈ ವಾರದ ಒಂದು ಸಾಲು ಹೀಗಿದೆ: "ಬೆಳಿಗ್ಗೆ 5.50, ಕೆರೆ ಏರಿ, ಹೆಣ್ಣು 5, ಮರಿ 2, ಅದರಲ್ಲಿ ಒಂದು ತೀರಾ ಚಿಕ್ಕದು, ಹೋದ ವಾರ ಇರಲಿಲ್ಲ. ಹಳ್ಳ ದಾಟಿ ಮೇಲಿನ ತೋಟಕ್ಕೆ. ಅವರಿಗೆ ಫೋನ್ ಮಾಡಿ ತಿಳಿಸಿದೆ. ಕೆಳಗಿನ ಬ್ಲಾಕಿಗೆ ಇವತ್ತು ಕೆಲಸ ಇಲ್ಲ."